ಎಲ್ಲರನ್ನೂ ಒಂದೇ ರೀತಿ ನೋಡಿಕೊಂಡರೆ ಸಾಲದೇ?

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಸಮುದಾಯ ಆರೋಗ್ಯ ಸೇವೆಯೊಂದರಲ್ಲಿ ನನ್ನ ಕೆಲಸ. ಮನೆಗೇ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ನರ್ಸ್‌ಗಳು, ಮಧುಮೇಹದ ಕ್ಲಿನಿಕ್, ಬಾಣಂತಿಯರ ಆರೈಕೆ, ಕೊನೆಯ ದಿನಗಳ ಶುಶ್ರೂಷೆ ಎಲ್ಲವೂ ಇಲ್ಲಿವೆ. ಇಲ್ಲಿಗೆ ಬರುವ ಮೂಲನಿವಾಸಿಗಳಿಗೆ ‘ಸಾಂಸ್ಕೃತಿಕ ಸುರಕ್ಷತೆ’, ಅಂದರೆ ತಾವು ಯಾರೆಂಬ ಕಾರಣಕ್ಕೆ ಅವಮಾನವಾಗದ, ಅಳುಕಿಲ್ಲದ ಆರೈಕೆ, ಸಿಗುತ್ತಿದೆಯೇ ಎಂದು ನೋಡುವ ಸಂಯೋಜಕಿ ನಾನು. ಕನ್ನಡ ಕೂಟದ ಊಟದ ಸಾಲಿನಲ್ಲಿ ಇದನ್ನು ಹೇಳಿದರೆ ಸಾಕು, ಯಾರಾದರೊಬ್ಬರು, ಅದರಲ್ಲೂ ಆಸ್ಪತ್ರೆಯಲ್ಲೇ ಕೆಲಸ ಮಾಡುವವರು, ಕೇಳಿಯೇ ಕೇಳುತ್ತಾರೆ: “ನಮಗೆ ಎಲ್ಲ ರೋಗಿಗಳೂ ಒಂದೇ. ಎಲ್ಲರನ್ನೂ ಒಂದೇ ರೀತಿ ನೋಡಿಕೊಂಡರೆ ಸಾಲದೇ?”

ಸಾಲದು. 2008ರಲ್ಲಿ ವಿನಿಪೆಗ್‌ನ ಆಸ್ಪತ್ರೆಯೊಂದಕ್ಕೆ ಬ್ರಯಾನ್ ಸಿಂಕ್ಲೇರ್ ಎಂಬ ಮೂಲನಿವಾಸಿ ಗಾಲಿಕುರ್ಚಿಯಲ್ಲಿ ಬಂದರು. ಕೈಯಲ್ಲಿ ವೈದ್ಯರ ಪತ್ರವೂ ಇತ್ತು. ತುರ್ತು ಚಿಕಿತ್ಸೆಯ ಕಾಯುವ ಕೋಣೆಯಲ್ಲಿ 34 ಗಂಟೆ ಕುಳಿತು, ಗುಣಪಡಿಸಬಹುದಾಗಿದ್ದ ಮೂತ್ರಕೋಶದ ಸೋಂಕಿನಿಂದ ಅಲ್ಲೇ ಸತ್ತರು. ಕುಡಿದು ಬಂದಿರಬೇಕು, ಇಲ್ಲವೇ ಚಳಿಗೆ ಆಸರೆ ಹುಡುಕಿ ಬಂದಿರಬೇಕು ಎಂದು ಕೆಲವು ಸಿಬ್ಬಂದಿ ಭಾವಿಸಿದ್ದರಂತೆ. 2020ರ ಸೆಪ್ಟೆಂಬರ್‌ನಲ್ಲಿ ಕ್ವಿಬೆಕ್‌ನ ಜೋಲಿಯೆಟ್ ಆಸ್ಪತ್ರೆಯಲ್ಲಿ ಏಳು ಮಕ್ಕಳ ತಾಯಿ, ಅತಿಕಮೆಕ್ ಸಮುದಾಯದ ಜಾಯ್ಸ್ ಎಶಾಕ್ವಾನ್ ಹಾಸಿಗೆಯಿಂದಲೇ ಫೇಸ್‌ಬುಕ್ ಲೈವ್ ಮಾಡಿದರು. ಸಿಬ್ಬಂದಿ ಅವರನ್ನು ಹೀಯಾಳಿಸುತ್ತಿದ್ದುದನ್ನು ದೇಶವೇ ಕೇಳಿತು. ಅದೇ ದಿನ ಅವರು ತೀರಿಕೊಂಡರು. ಈ ಎರಡು ಆಸ್ಪತ್ರೆಗಳಲ್ಲೂ ಕಾಗದದ ಮೇಲಿನ ನಿಯಮ ಎಲ್ಲರಿಗೂ ಒಂದೇ ಆಗಿತ್ತು.

ಸಾಂಸ್ಕೃತಿಕ ಸುರಕ್ಷತೆ ಎಂಬ ಪರಿಕಲ್ಪನೆ ಹುಟ್ಟಿದ್ದು ಕೆನಡಾದಲ್ಲಲ್ಲ, ನ್ಯೂಜಿಲೆಂಡ್‌ನಲ್ಲಿ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಸಮುದಾಯದ ನರ್ಸ್ ಇರಿಹಾಪೆಟಿ ರಾಮ್ಸ್‌ಡೆನ್ ಅದನ್ನು ರೂಪಿಸಿದರು. 1990ರ ದಶಕದ ಆರಂಭದಲ್ಲೇ ಅಲ್ಲಿನ ನರ್ಸಿಂಗ್ ಶಿಕ್ಷಣಕ್ಕೆ ಸೇರಿತು. ಅವರು ತೀರ್ಪಿನ ಹಕ್ಕನ್ನೇ ಕೈಬದಲಾಯಿಸಿದರು. ಸೇವೆ ಸುರಕ್ಷಿತವಾಗಿತ್ತೇ ಎಂದು ಹೇಳಬೇಕಾದವರು ಕೊಟ್ಟವರಲ್ಲ, ಪಡೆದವರು. “ನಾವು ಭೇದ ಮಾಡುವುದಿಲ್ಲ” ಎಂದು ನಾವೇ ನಮಗೆ ಕೊಟ್ಟುಕೊಳ್ಳುವ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ. “ನಾವೂ ಬಿಳಿಯರಲ್ಲವಲ್ಲ” ಎಂಬ ನಮ್ಮವರ ಸಮಜಾಯಿಷಿಯೂ ಅಷ್ಟೇ. ರೋಗಿಗೆ ಮೊದಲು ಕಾಣುವುದು ನನ್ನ ಕೊರಳಿನಲ್ಲಿರುವ ಆರೋಗ್ಯ ಸೇವೆಯ ಗುರುತಿನ ಚೀಟಿ.

ಹಾಗಾದರೆ ನಾನು ಮಾಡುವುದೇನು? ಭಾಷಣವಂತೂ ಅಲ್ಲ. ಇಲ್ಲಿ ಸಭೆಗಳು ‘ನಾವಿರುವುದು ಇಂಥ ಜನಾಂಗದ ನೆಲದಲ್ಲಿ’ ಎಂಬ ಸಾಲಿನಿಂದ ಶುರುವಾಗುತ್ತವೆ. ನಮ್ಮೂರಿನ ಸಮಾರಂಭಗಳ ಪ್ರಾರ್ಥನಾ ಗೀತೆಯಂತೆ ಅದು ಮುಗಿದ ಕೂಡಲೇ ಮೈಕ್ ಸರಿಪಡಿಸಿಕೊಂಡು ಎಲ್ಲರೂ ಹಳೆಯ ವಿಷಯಕ್ಕೆ ಮರಳುತ್ತಾರೆ. ಆನ್‌ಲೈನ್ ತರಬೇತಿಯ ಮೇಲೂ ನನಗೆ ಅಂಥ ಭರವಸೆಯಿಲ್ಲ. ನನ್ನ ಸಮಯವೆಲ್ಲ ಹೋಗುವುದು ಅರ್ಜಿ ನಮೂನೆಗಳಿಗೆ ಮತ್ತು ನಿಯಮಗಳಿಗೆ.

ಒಂದು ಉದಾಹರಣೆ. ಸಾಯುವ ಹಂತದಲ್ಲಿರುವವರ ಕೋಣೆಯಲ್ಲಿ ಕುಟುಂಬದವರು ಚಿಪ್ಪಿನಲ್ಲಿ ಸೇಜ್ ಎಂಬ ಪರಿಮಳದ ಎಲೆ ಸುಟ್ಟು, ಗರಿಯಿಂದ ಹೊಗೆ ಬೀಸಿ ಪ್ರಾರ್ಥಿಸಲು ಬಯಸುತ್ತಾರೆ. ನಮ್ಮಲ್ಲಿ ಅನುಮತಿ ಇತ್ತು, ಆದರೆ 48 ಗಂಟೆ ಮೊದಲು ಅರ್ಜಿ ಹಾಕಬೇಕಿತ್ತು. ಸಾವು ಅರ್ಜಿ ಹಾಕಿ ಬರುತ್ತದೆಯೇ? ಕಟ್ಟಡದ ನಿರ್ವಹಣೆಯವರೊಂದಿಗೆ ಕುಳಿತು, ಆ ಕೋಣೆಯ ಹೊಗೆ ಸಂವೇದಕವನ್ನಷ್ಟೇ ತಾತ್ಕಾಲಿಕವಾಗಿ ನಿಲ್ಲಿಸುವ, ಆಮ್ಲಜನಕವನ್ನು ಮೊದಲು ಬಂದ್ ಮಾಡಿ ಹೊರಗಿಡುವ, ಮುಗಿದ ಮೇಲೆ ಎಲ್ಲವನ್ನೂ ಮರುಚಾಲನೆ ಮಾಡುವ ಒಂದು ಪುಟದ ಕ್ರಮ ಬರೆದೆವು. ಈಗ ರಾತ್ರಿ ಪಾಳಿಯ ನರ್ಸ್ ಒಂದು ಫೋನ್ ಮಾಡಿದರೆ ಸಾಕು. ಹಾಗೆಂದು ಮೂಲನಿವಾಸಿ ಎಂದ ಕೂಡಲೇ ಸೇಜ್ ಹಿಡಿದು ಓಡುವುದೂ ತಪ್ಪು. ಈ ಒಂದೇ ಪ್ರಾಂತ್ಯದಲ್ಲಿ ಸುಮಾರು 200 ಮೂಲನಿವಾಸಿ ಸಮುದಾಯಗಳಿವೆ (ಇಲ್ಲಿ ಅವನ್ನು ‘ಫಸ್ಟ್ ನೇಷನ್’ ಎನ್ನುತ್ತಾರೆ), 30ಕ್ಕೂ ಹೆಚ್ಚು ಭಾಷೆಗಳಿವೆ. ಕರಾವಳಿಯ ಕೆಲವರಿಗೆ ಸೀಡರ್ ಮರದ ಸೊಪ್ಪು ಬೇಕು, ಕೆಲವರಿಗೆ ಪಾದ್ರಿ ಬೇಕು, ಕೆಲವರಿಗೆ ಯಾವುದೂ ಬೇಡ. ಕೇಳಬೇಕು, ಅಷ್ಟೇ.

ಬಾಣಂತಿಯರ ವಿಚಾರ ಇನ್ನೂ ಸೂಕ್ಷ್ಮ. ಹೆರಿಗೆಗೆ ಮೊದಲೇ, ಗರ್ಭಿಣಿಗೆ ತಿಳಿಸದೆ, ‘ಈಕೆಯ ಮಗುವಿಗೆ ಅಪಾಯವಿರಬಹುದು’ ಎಂದು ಮಕ್ಕಳ ರಕ್ಷಣಾ ಇಲಾಖೆ ಆಸ್ಪತ್ರೆಗೆ ಸೂಚನೆ ಕಳುಹಿಸುವ ಪದ್ಧತಿ ಇಲ್ಲಿತ್ತು. ಅದಕ್ಕೆ ಹೆಚ್ಚಾಗಿ ಗುರಿಯಾದವರು ಮೂಲನಿವಾಸಿ ತಾಯಂದಿರು. ಬ್ರಿಟಿಷ್ ಕೊಲಂಬಿಯಾ ಅದನ್ನು ನಿಲ್ಲಿಸಿದ್ದು 2019ರಲ್ಲಿ. ಅವರ ಅಜ್ಜಿಯರನ್ನು ಬಾಲ್ಯದಲ್ಲೇ, ಮನೆ ಮತ್ತು ಭಾಷೆಯಿಂದ ಬೇರ್ಪಡಿಸಲೆಂದೇ ನಡೆಸಿದ ವಸತಿ ಶಾಲೆಗಳಿಗೆ ಎಳೆದೊಯ್ಯಲಾಗಿತ್ತು. ಕ್ಷಯ ಬಂದವರನ್ನು, ಮೂಲನಿವಾಸಿಗಳಿಗೆಂದೇ ಇದ್ದ ‘ಇಂಡಿಯನ್ ಆಸ್ಪತ್ರೆ’ಗಳಲ್ಲಿ ಬೇರೆಯಾಗಿ ಇಡಲಾಗಿತ್ತು. ಅಂಥ ಮನೆಯ ಹೆಣ್ಣುಮಗಳ ಮುಂದೆ ನಮ್ಮ ನಮೂನೆಯ ಮೊದಲ ಪ್ರಶ್ನೆ ಮದ್ಯ, ಮಾದಕ ವಸ್ತುಗಳ ಬಗ್ಗೆ ಇತ್ತು! ಅದನ್ನು ಹಿಂದಕ್ಕೆ ಸರಿಸಿ, ಏಕೆ ಕೇಳುತ್ತೇವೆ, ಉತ್ತರವನ್ನು ಯಾರು ಓದುತ್ತಾರೆ ಎಂಬ ಎರಡು ಸಾಲು ಸೇರಿಸಲು ತಿಂಗಳುಗಳೇ ಹಿಡಿದವು.

ಮೂರು ಸಲ ಬಾರದಿದ್ದರೆ ರೋಗಿಯ ಹೆಸರು ಕೈಬಿಡುವ ನಿಯಮವೂ ಹೀಗೆಯೇ, ಎಲ್ಲರಿಗೂ ಸಮಾನ. ಆದರೆ ದೂರದ ಹಳ್ಳಿಯಿಂದ ಹಲವರನ್ನು ತುಂಬಿಕೊಂಡು ಬರುವ ವ್ಯಾನ್ ತಡವಾದರೆ ಅದರಲ್ಲಿದ್ದವರೆಲ್ಲರ ಲೆಕ್ಕಕ್ಕೂ ಒಂದೊಂದು ಗೈರುಹಾಜರಿ ಬೀಳುತ್ತಿತ್ತು. ಈಗ ಹೆಸರು ಕೈಬಿಡುವ ಮೊದಲು ಫೋನ್ ಮಾಡುವುದು ಕಡ್ಡಾಯ.

2020ರಲ್ಲಿ ಈ ಪ್ರಾಂತ್ಯದಲ್ಲಿ ನಡೆದ ಸ್ವತಂತ್ರ ತನಿಖೆಯ ಸಮೀಕ್ಷೆಯಲ್ಲಿ, ಉತ್ತರಿಸಿದ ಮೂಲನಿವಾಸಿಗಳಲ್ಲಿ 84 ಪ್ರತಿಶತ ಜನ ಆರೋಗ್ಯ ಸೇವೆಯಲ್ಲಿ ಒಂದಲ್ಲ ಒಂದು ಬಗೆಯ ತಾರತಮ್ಯ ಕಂಡಿದ್ದೇವೆ ಎಂದರು. ನಮ್ಮ ದೂರು ಪೆಟ್ಟಿಗೆ ಮಾತ್ರ ಆಗ ಹೆಚ್ಚುಕಡಿಮೆ ಖಾಲಿ. ದೂರನ್ನು ಬರೆದೇ ಕೊಡಬೇಕೆಂದಿಲ್ಲ, ಸಮುದಾಯದ ಹಿರಿಯರೊಬ್ಬರಿಗೆ ಬಾಯಲ್ಲಿ ಹೇಳಿದರೂ ಆದೀತು ಎಂದು ಮಾಡಿದ ಮೇಲೆ ದೂರುಗಳು ಏರಿದವು. “ನೀವು ಬಂದ ಮೇಲೆ ಪರಿಸ್ಥಿತಿ ಹದಗೆಟ್ಟಿದೆಯಲ್ಲ?” ಎಂದು ಮೇಲಧಿಕಾರಿಯೊಬ್ಬರು ಗಾಬರಿಯಾದರು. ಮೊದಲು ಇವರೆಲ್ಲ ನಮಗೆ ಹೇಳುವ ಬದಲು ಬರುವುದನ್ನೇ ಬಿಡುತ್ತಿದ್ದರು ಎಂದು, ಕೈಬಿಟ್ಟ ಹೆಸರುಗಳ ಪಟ್ಟಿಯನ್ನೇ ನಾನು ತೋರಿಸಿದೆ. ಈಗ ಬರುತ್ತಿರುವ ದೂರುಗಳಲ್ಲಿ ಹೆಚ್ಚಿನವು ಆ ವ್ಯಾನಿನ ಸಮಯದ ಬಗ್ಗೆಯೇ. ಗುತ್ತಿಗೆದಾರರೊಂದಿಗೆ ಮಾತುಕತೆ ಇನ್ನೂ ಮುಗಿದಿಲ್ಲ.