ಮಗಳ ಕೋಣೆಯಲ್ಲಿ ಒಡೆದ ಸಿಎಫ್‌ಎಲ್

ಸಿಎಫ್‌ಎಲ್ ಬಲ್ಬು ಒಡೆದರೆ ಕೈ ತಾನಾಗಿಯೇ ಪೊರಕೆಯ ಕಡೆಗೆ ಹೋಗುತ್ತದೆ. ಹೋಗಬಾರದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೂ ಇಷ್ಟು ಗೊತ್ತಿದ್ದರೆ ಒಳ್ಳೆಯದು.

ನಮ್ಮ ಮನೆಯ ದೀಪಗಳೆಲ್ಲ ಎಲ್‌ಇಡಿ ಆಗಿ ತುಂಬಾ ದಿನವಾಯಿತು. ಮಗಳ ಓದುವ ಮೇಜಿನ ಮೇಲಿನ ಟೇಬಲ್ ಲ್ಯಾಂಪಿನಲ್ಲಿ ಮಾತ್ರ ಒಂದು ಹಳೆಯ ಸಿಎಫ್‌ಎಲ್ ಉಳಿದುಕೊಂಡಿತ್ತು, ಆ ಸುರುಳಿ ಕೊಳವೆಯದು. ಚೆನ್ನಾಗಿಯೇ ಉರಿಯುತ್ತಿತ್ತು. ಅವತ್ತು ಸಂಜೆ ಅವಳು ಓದು ಮುಗಿಸಿ ಎದ್ದಾಗ ವೈರು ಕಾಲಿಗೆ ಸಿಕ್ಕಿಕೊಂಡಿತು. ಲ್ಯಾಂಪು ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ಶಬ್ದ ಏನೂ ದೊಡ್ಡದಿರಲಿಲ್ಲ, ಟಪ್ ಅಂತ ಅಷ್ಟೇ.

ನಾನು ಹೋಗುವಷ್ಟರಲ್ಲಿ ಅವಳು ಬರಿಗಾಲಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. "ಅಮ್ಮಾ, ನಾನು ಬೇಕೂಂತ ಬೀಳಿಸಿದ್ದಲ್ಲ" ಅಂದಳು. "ಗೊತ್ತು ಪುಟ್ಟಾ. ಕಾಲು ಎತ್ತಬೇಡ, ಅಲ್ಲೇ ಇರು" ಅಂದು ಚಪ್ಪಲಿ ಹಾಕಿಕೊಂಡು ಒಳಗೆ ಹೋದೆ. ಎತ್ತಿಕೊಂಡು ಹೊರಗೆ ತಂದು ಪಾದ ನೋಡಿದೆ. ಗಾಜು ಚುಚ್ಚಿರಲಿಲ್ಲ. ಹಿಮ್ಮಡಿಯ ಹತ್ತಿರ ಬಿಳಿ ಪುಡಿ ಒಂದಿಷ್ಟು ಮೆತ್ತಿತ್ತು. ಒದ್ದೆ ಟಿಶ್ಯೂವಿನಿಂದ ಒರೆಸಿ, ಆ ಟಿಶ್ಯೂವನ್ನು ಬೇರೆಯಾಗಿ ಇಟ್ಟೆ. ಆಮೇಲೆ ಅವಳ ಕಾಲನ್ನು ಸೋಪು ಹಾಕಿ ತೊಳೆಸಿದೆ.

ಅಷ್ಟರಲ್ಲಿ ಅತ್ತೆ ಪೊರಕೆ, ಕಸದ ಮೊರ ಎರಡನ್ನೂ ಹಿಡಿದುಕೊಂಡು ಬಂದರು.

"ಅತ್ತೆ, ಪೊರಕೆ ಬೇಡ. ಒಳಗೆ ಬರಬೇಡಿ, ಸ್ವಲ್ಪ ತಡೀರಿ."

"ಅಲ್ಲಮ್ಮಾ, ಬಲ್ಬು ತಾನೇ ಒಡೆದಿರೋದು? ಗುಡಿಸದೆ ಬಿಟ್ರೆ ಮಗು ಕಾಲಿಗೆ ಗಾಜು ಚುಚ್ಚಲ್ವಾ?"

ಅವರು ಹೇಳಿದ್ದು ಸರಿಯೇ. ಹಳೆಯ ಕಾಲದ ತಂತಿ ಬಲ್ಬು ಒಡೆದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಅದರಲ್ಲಿ ಇದ್ದದ್ದು ಗಾಜು ಮತ್ತು ಒಂದು ತಂತಿ, ಭಯಪಡುವಂಥದ್ದು ಬೇರೇನೂ ಇಲ್ಲ. ಸಿಎಫ್‌ಎಲ್ ಹಾಗಲ್ಲ. ಅದರೊಳಗೆ ಪಾದರಸ ಇದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಈ ಬಲ್ಬು ಹೇಗೆ ಉರಿಯುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದು ಅದೆಷ್ಟು ಸಲವೋ. ಕೊಳವೆಯೊಳಗೆ ವಿದ್ಯುತ್ ಹರಿದಾಗ ಪಾದರಸದ ಆವಿ ನೇರಳಾತೀತ ಕಿರಣಗಳನ್ನು ಹೊರಡಿಸುತ್ತದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಒಳಮೈಗೆ ಬಳಿದಿರುವ ಬಿಳಿ ಪುಡಿ ಅದನ್ನು ಹೀರಿಕೊಂಡು ಕಾಣುವ ಬೆಳಕಾಗಿ ಕೊಡುತ್ತದೆ. 60 ವಾಟಿನ ತಂತಿ ಬಲ್ಬು ಕೊಡುವಷ್ಟು ಬೆಳಕನ್ನು ಇದು ಸುಮಾರು 15 ವಾಟಿನಲ್ಲಿ ಕೊಡುತ್ತಿದ್ದದ್ದು ಹೀಗೆ. ಅಂದರೆ ಪಾದರಸ ಇಲ್ಲದೆ ಸಿಎಫ್‌ಎಲ್ ಇಲ್ಲ. ಕೊಳವೆ ಗಟ್ಟಿಯಾಗಿ ಮುಚ್ಚಿರುವಷ್ಟು ದಿನ ಅದರಿಂದ ಏನೂ ತೊಂದರೆಯಿಲ್ಲ. ಒಡೆದಾಗ ಮಾತ್ರ ಅದು ಹೊರಗೆ ಬರುತ್ತದೆ.

ಮೊದಲು ಲ್ಯಾಂಪಿನ ಸ್ವಿಚ್ ಆರಿಸಿ ಪ್ಲಗ್ ಕಿತ್ತೆ. ಬಲ್ಬಿನ ಬುಡ ಇನ್ನೂ ಹೋಲ್ಡರಿನಲ್ಲೇ ಇತ್ತಲ್ಲ, ಕರೆಂಟು ಇರುವಾಗ ಅದನ್ನು ಮುಟ್ಟುವುದು ಪಾದರಸಕ್ಕಿಂತ ದೊಡ್ಡ ಅಪಾಯ. ಫ್ಯಾನ್ ಆರಿಸಿದೆ, ಇಲ್ಲದಿದ್ದರೆ ಆ ಪುಡಿ ಕೋಣೆಯೆಲ್ಲ ಹಾರಾಡುತ್ತದೆ. ಕಿಟಕಿಗಳನ್ನು ಪೂರ್ತಿ ತೆರೆದೆ. ಹೊರಗೆ ಬಂದು ಬಾಗಿಲು ಎಳೆದುಕೊಂಡೆ, ಕೋಣೆಯ ಗಾಳಿ ಹೊರಗೆ ಹೋಗಲಿ, ಮನೆಯೊಳಗೆ ಬರುವುದು ಬೇಡ ಅಂತ. ಹತ್ತು ನಿಮಿಷವಾದರೂ ಹಾಗೇ ಬಿಡಬೇಕು.

ಆ ಹತ್ತು ನಿಮಿಷದಲ್ಲಿ ಅತ್ತೆಗೆ ಉತ್ತರ ಕೊಡಬೇಕಾಯಿತು. ಅವರು ಸುಮ್ನೆ ಒಪ್ಪುವವರಲ್ಲ. ನನಗೆ ಅದು ಇಷ್ಟ ಕೂಡ.

"ನಾವು ಚಿಕ್ಕವರಿದ್ದಾಗ ಜ್ವರ ನೋಡೋ ಥರ್ಮಾಮೀಟರ್ ಒಡೆದ್ರೆ ಪಾದರಸದ ಗುಂಡು ಅಂಗೈ ಮೇಲೆ ಉರುಳಿಸ್ಕೊಂಡು ಆಡ್ತಿದ್ವಿ ಕಣಮ್ಮಾ. ನಮಗೇನಾಗಿದೆ?"

ಈ ಮಾತನ್ನು ನಾನು ಬೇರೆಯವರ ಬಾಯಲ್ಲೂ ಕೇಳಿದ್ದೇನೆ. ಇದಕ್ಕೆ ಸರಿಯಾದ ಉತ್ತರ ಇದೆ. ಪಾದರಸದ ಗುಂಡು ಚರ್ಮದ ಮೂಲಕ ಒಳಗೆ ಹೋಗುವುದು ತೀರಾ ಕಡಿಮೆ. ಅಕಸ್ಮಾತ್ ನುಂಗಿದರೂ ಹೊಟ್ಟೆ ಅದನ್ನು ಹೀರಿಕೊಳ್ಳುವುದಿಲ್ಲವೆಂದೇ ಹೇಳಬಹುದು, ಬಹುಪಾಲು ಹಾಗೇ ಹೊರಗೆ ಹೋಗುತ್ತದೆ. ಉಸಿರಿನಲ್ಲಿ ಹೋದ ಆವಿಯ ಲೆಕ್ಕ ಬೇರೆ. ಅದರಲ್ಲಿ ನೂರಕ್ಕೆ ಸುಮಾರು 80 ಭಾಗ ಶ್ವಾಸಕೋಶದಿಂದ ರಕ್ತಕ್ಕೆ ಸೇರಿಬಿಡುತ್ತದೆ. ರಕ್ತದಿಂದ ಮಿದುಳಿಗೂ ಮೂತ್ರಪಿಂಡಕ್ಕೂ ಹೋಗುತ್ತದೆ. ಆ ಆವಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಅತ್ತೆ ಅಂಗೈಯ ಬಗ್ಗೆ ಮಾತಾಡುತ್ತಿದ್ದರು. ನನಗಿದ್ದ ಚಿಂತೆ ಉಸಿರಿನದು. ಅದರಲ್ಲೂ ಮಗಳ ಉಸಿರಿನದು. ಮಕ್ಕಳ ಮಿದುಳು, ನರ ಇನ್ನೂ ಬೆಳೆಯುತ್ತಿರುತ್ತವೆ. ಅವರು ಆಡುವುದು, ಬಣ್ಣ ಹಚ್ಚುವುದು, ಉರುಳಾಡುವುದು ಎಲ್ಲ ನೆಲದ ಮೇಲೇ. ಪುಡಿ ಬಿದ್ದಿರುವುದೂ ನೆಲದಲ್ಲೇ.

ಹಾಗಂತ ಹೆದರಿ ಓಡಬೇಕಾಗಿಲ್ಲ. ಒಂದು ಸಾಮಾನ್ಯ ಸಿಎಫ್‌ಎಲ್‌ನಲ್ಲಿ ಇರುವ ಪಾದರಸ 5 ಮಿಲಿಗ್ರಾಂ ಒಳಗೆ. ಬಾಲ್‌ಪೆನ್ನಿನ ಮೊನೆಯನ್ನು ಮುಚ್ಚುವಷ್ಟು. ಹಳೆಯ ಥರ್ಮಾಮೀಟರಿನಲ್ಲಿ ಸುಮಾರು ಅರ್ಧ ಗ್ರಾಂ ಇರುತ್ತಿತ್ತು, ಅಂದರೆ ಇದರ ನೂರು ಪಟ್ಟು. ಇನ್ನೊಂದು ವಿಷಯ, ಬಲ್ಬಿನ ಪಾದರಸ ಎಲ್ಲವೂ ಒಡೆದ ಕ್ಷಣಕ್ಕೇ ಆವಿಯಾಗಿ ಹೋಗುವುದಿಲ್ಲ. ಹೆಚ್ಚಿನದು ಆ ಬಿಳಿ ಪುಡಿಗೂ ಗಾಜಿಗೂ ಅಂಟಿಕೊಂಡಿದ್ದು, ದಿನಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುತ್ತಿರುತ್ತದೆ. ನನ್ನ ಮಟ್ಟಿಗೆ ಇಡೀ ವಿಷಯದ ಗುಟ್ಟು ಇರುವುದೇ ಇಲ್ಲಿ. ಪುಡಿಯನ್ನು ಒಂದು ಕಡೆ ಹಿಡಿದು ಮುಚ್ಚಿಟ್ಟರೆ ಪಾದರಸವನ್ನೇ ಹಿಡಿದಂತೆ. ಪೊರಕೆ ಹಾಕಿದರೆ ಅದನ್ನು ಮೂಲೆಮೂಲೆಗೆ ಹರಡಿದಂತೆ. ಪೊರಕೆಯ ಕಡ್ಡಿಗಳ ನಡುವೆ ಕುಳಿತ ಪುಡಿ ನಾಳೆ ನಡುಮನೆಗೂ ಅಡುಗೆಮನೆಗೂ ಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಅದು ಒಂದು ಕಡೆ ಎಳೆದುಕೊಂಡ ಪುಡಿ, ಆವಿಯನ್ನು ಇನ್ನೊಂದು ಕಡೆಯಿಂದ ಗಾಳಿಗೆ ಊದುತ್ತದೆ. ಆಮೇಲೆ ಆ ಮಷೀನಿನೊಳಗೂ ಅದು ಉಳಿದುಬಿಡುತ್ತದೆ.

ಅತ್ತೆ ಪೊರಕೆಯನ್ನು ಅದರ ಜಾಗಕ್ಕೆ ಇಟ್ಟು ಬಂದರು. "ಹಾಗಾದ್ರೆ ಹೇಗೆ ತೆಗೀತೀಯ?" ಅಂದರು.

ರಬ್ಬರ್ ಕೈಗವಸು ಹಾಕಿಕೊಂಡೆ. ದಪ್ಪ ರಟ್ಟಿನ ಎರಡು ತುಂಡು, ಅಗಲದ ಸೆಲ್ಲೋಟೇಪು, ಒಂದಷ್ಟು ಒದ್ದೆ ಟಿಶ್ಯೂ, ತಗಡಿನ ಮುಚ್ಚಳದ ಒಂದು ಗಾಜಿನ ಬಾಟಲಿ, ಇಷ್ಟು ತೆಗೆದುಕೊಂಡು ಒಳಗೆ ಹೋದೆ. ಬಾಟಲಿ ಗಾಜಿನದೇ ಆದರೆ ಒಳ್ಳೆಯದು. ಪ್ಲಾಸ್ಟಿಕ್ ಕವರಿನಿಂದ ಆವಿ ನಿಧಾನವಾಗಿ ಸೋರುತ್ತದೆ.

ಹತ್ತಿರ ಕೂತು ನೋಡಿದಾಗಲೇ ಗೊತ್ತಾಗಿದ್ದು ಆ ಗಾಜು ಎಷ್ಟು ತೆಳು ಅಂತ. ಸುರುಳಿಯ ದೊಡ್ಡ ತುಂಡುಗಳು ಹೊರಗೆ ನುಣುಪಾಗಿ ಹೊಳೆಯುತ್ತಿದ್ದವು, ಒಳಗೆ ಬಿಳಿ ಪುಡಿ ಹಿಡಿದಿತ್ತು. ಒಂದೆರಡು ತುಂಡಿನಲ್ಲಿ ಪುಡಿ ಉದುರಿ ಗಾಜು ಸ್ವಚ್ಛವಾಗಿ ಕಾಣುತ್ತಿತ್ತು. ಆ ಉದುರಿದ್ದೇ ನೆಲದ ಮೇಲಿತ್ತು. ಪಾದರಸದ ಗುಂಡು ಕಾಣುತ್ತದೇನೋ ಅಂತ ಬಾಗಿಲ ಆಚೆಯಿಂದ ಮಗಳು ಕೇಳುತ್ತಲೇ ಇದ್ದಳು. ಇಲ್ಲ, ಕಣ್ಣಿಗೆ ಕಾಣುವಷ್ಟು ಇರುವುದಿಲ್ಲ. ಕಾಣುವುದು ಪುಡಿ ಮಾತ್ರ.

ದೊಡ್ಡ ತುಂಡುಗಳನ್ನು ಕೈಯಿಂದಲೇ ಮೆಲ್ಲಗೆ ಎತ್ತಿ ಬಾಟಲಿಗೆ ಹಾಕಿದೆ. ಸಣ್ಣದನ್ನು ಒಂದು ರಟ್ಟಿನಿಂದ ಇನ್ನೊಂದು ರಟ್ಟಿನ ಮೇಲೆ ತಳ್ಳಿದೆ. ಗುಡಿಸುವ ಹಾಗೆ ಬೀಸಿ ಅಲ್ಲ, ನೆಲಕ್ಕೆ ಒತ್ತಿ ಹಿಡಿದು ಸರಿಸುವುದು. ಉಳಿದ ಚೂರು, ಪುಡಿಗೆ ಸೆಲ್ಲೋಟೇಪಿನ ಅಂಟಿನ ಬದಿಯನ್ನು ಒತ್ತಿ ಒತ್ತಿ ಎತ್ತಿದೆ. ಟೈಲ್ಸ್ ನಡುವಿನ ಗೆರೆಯಲ್ಲಿ ಕೂತಿದ್ದ ಪುಡಿ ಹೀಗೆ ಎತ್ತಿದಾಗ ಮಾತ್ರ ಬಂತು. ಕೊನೆಗೆ ಒದ್ದೆ ಟಿಶ್ಯೂವಿನಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಪ್ರತಿ ಟಿಶ್ಯೂವನ್ನೂ ಬಾಟಲಿಗೇ ತುರುಕಿದೆ. ಹೋಲ್ಡರಿನಲ್ಲಿ ಉಳಿದಿದ್ದ ಬುಡವನ್ನು ಪ್ಲಾಸ್ಟಿಕ್ ಭಾಗ ಹಿಡಿದು ತಿರುಗಿಸಿದೆ, ಸಲೀಸಾಗಿ ಬಂತು. ಸಿಎಫ್‌ಎಲ್ ಚೆನ್ನಾಗಿದ್ದಾಗಲೂ ಹೀಗೇ ಹಿಡಿಯಬೇಕು. ಗಾಜು ಹಿಡಿದು ತಿರುಗಿಸುವುದರಿಂದಲೇ ಎಷ್ಟೋ ಬಲ್ಬು ಕೈಯಲ್ಲೇ ಒಡೆಯುತ್ತವೆ.

ಕಷ್ಟವಾಗಿದ್ದು ರಗ್ಗಿನದು. ಮಗಳು ಕಾಲು ಚಾಚಿಕೊಂಡು ಕೂರುವ ಸಣ್ಣ ಉಣ್ಣೆಯ ರಗ್ಗು ಮೇಜಿನ ಕೆಳಗೆ ಇತ್ತು. ಒಂದು ಅಂಚಿನ ಮೇಲೆ ಪುಡಿ ಬಿದ್ದಿತ್ತು. ಟೇಪು ಹಾಕಿ ಎಷ್ಟು ಎತ್ತಿದರೂ ಉಣ್ಣೆಯ ಬುಡದಲ್ಲಿ ಬಿಳಿ ಕಾಣುತ್ತಲೇ ಇತ್ತು. ಅಷ್ಟರಲ್ಲಿ ಮನೆಗೆ ಬಂದ ನಮ್ಮವರು "ಮಷೀನಿಗೆ ಹಾಕಿದ್ರೆ ಹೋಗಲ್ವಾ?" ಅಂದರು. ಹಾಕಬಾರದು. ಪುಡಿ ಅಂಟಿದ ಬಟ್ಟೆಯನ್ನು ಒಗೆದರೆ ಪಾದರಸ ಮಷೀನಿಗೂ ಹತ್ತುತ್ತದೆ, ಚರಂಡಿಗೂ ಹೋಗುತ್ತದೆ. ದೊಡ್ಡ ಜಮಖಾನ ಆಗಿದ್ದರೆ ಆ ಭಾಗವನ್ನಷ್ಟೇ ಕತ್ತರಿಸುತ್ತಿದ್ದೆನೋ ಏನೋ. ಇದು ಸಣ್ಣದು. ಮಡಿಸಿ, ಎರಡು ಕವರು ಹಾಕಿ ಗಟ್ಟಿಯಾಗಿ ಕಟ್ಟಿದೆ. ಮಗಳಿಗೆ ಬೇಸರವಾಯಿತು, ಅವಳ ಇಷ್ಟದ ರಗ್ಗು ಅದು. ಯಾಕೆ ಅಂತ ಅವಳಿಗೂ ಬಿಡಿಸಿ ಹೇಳಿದೆ. ಮಕ್ಕಳಿಗೆ ಅರ್ಥವಾಗುವುದಿಲ್ಲ ಅಂತ ಇಂಥದ್ದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಮುಂದೊಂದು ದಿನ ನಾವು ಯಾರೂ ಹತ್ತಿರ ಇಲ್ಲದಾಗ ಒಡೆದರೆ ಅವಳಿಗೆ ಗೊತ್ತಿರಬೇಕಲ್ವಾ.

ಬಾಟಲಿಗೆ ಮುಚ್ಚಳ ಬಿಗಿದು, ಮೇಲೆ ಟೇಪು ಸುತ್ತಿ, 'ಒಡೆದ ಸಿಎಫ್‌ಎಲ್, ಪಾದರಸ ಇದೆ, ತೆರೆಯಬೇಡಿ' ಅಂತ ಬರೆದು ಮನೆಯ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಇಟ್ಟೆ. ಕಿಟಕಿಗಳನ್ನು ರಾತ್ರಿಯಿಡೀ ತೆರೆದೇ ಬಿಟ್ಟೆವು. ಮಗಳು ಅಜ್ಜಿಯ ಜೊತೆ ಮಲಗಿದಳು.

ಇಲ್ಲಿಗೆ ಅರ್ಧ ಕೆಲಸ ಆಯಿತು ಅಷ್ಟೇ. ಆ ಬಾಟಲಿಯನ್ನು ಏನು ಮಾಡುವುದು? ದಿನದ ಕಸದ ಬುಟ್ಟಿಗೆ ಹಾಕಿದರೆ ನಮ್ಮ ಕಣ್ಣ ಮುಂದಿನಿಂದ ಹೋಗುತ್ತದೆ, ನಿಜ. ಆದರೆ ಅದನ್ನು ಎತ್ತಿಕೊಂಡು ಹೋಗುವವರು, ಬರಿಗೈಯಲ್ಲಿ ವಿಂಗಡಿಸುವವರು ಇದ್ದಾರೆ. ಬಾಟಲಿ ಅವರ ಮುಖದ ಹತ್ತಿರ ಒಡೆಯುತ್ತದೆ. ನನ್ನ ಮಗಳ ಕೋಣೆಗೆ ಬೇಡವಾದದ್ದು ಇನ್ನೊಬ್ಬರ ಉಸಿರಿಗೆ ಹೇಗೆ ಸರಿಯಾಗುತ್ತದೆ? ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಇಷ್ಟೊಂದು ಬಲ್ಬುಗಳನ್ನು ಮನೆಮನೆಗೆ ತಲುಪಿಸಿದ ಮೇಲೆ, ಅವನ್ನು ವಾಪಸ್ಸು ತೆಗೆದುಕೊಳ್ಳುವ ದಾರಿ ಹುಡುಕುವ ಕೆಲಸ ಕೊಂಡವರ ತಲೆಗೇ ಬಂದಿದೆ. ಕೇಳಿದ ಕಡೆಯೆಲ್ಲ "ಕಸಕ್ಕೆ ಹಾಕ್ಬಿಡಿ ಮೇಡಂ" ಅನ್ನುವ ಉತ್ತರವೇ. ಕೊನೆಗೆ ಇ-ತ್ಯಾಜ್ಯ ತೆಗೆದುಕೊಳ್ಳುವ ಒಂದು ಕಡೆ, ಬಾಟಲಿ ಮತ್ತು ಕಟ್ಟಿದ ರಗ್ಗು ಎರಡನ್ನೂ ಒಪ್ಪಿಕೊಂಡರು. ಸರಿಯಾಗಿ ಮಾಡುವ ಕಡೆ ಇಂಥ ಬಲ್ಬುಗಳನ್ನು ಮುಚ್ಚಿದ ಯಂತ್ರದೊಳಗೆ ಪುಡಿ ಮಾಡುತ್ತಾರೆ. ಆವಿಯನ್ನು ಇದ್ದಿಲಿನ ಫಿಲ್ಟರು ಹಿಡಿದಿಡುತ್ತದೆ. ಬಿಳಿ ಪುಡಿಯನ್ನು ಕಾಯಿಸಿ ಪಾದರಸವನ್ನು ಬೇರ್ಪಡಿಸುತ್ತಾರೆ. ಗಾಜು, ಲೋಹ ಮತ್ತೆ ಬಳಕೆಗೆ ಬರುತ್ತವೆ.

ಒಂದು ಬಲ್ಬಿಗೆ ಇಷ್ಟೆಲ್ಲ ಬೇಕಾ ಅನ್ನುವವರಿಗೆ ನಾನು ಹೇಳುವುದು ಇಷ್ಟು. ಪಾದರಸ ಒಂದು ಮೂಲಧಾತು, ಅದು ಕೊಳೆಯುವುದಿಲ್ಲ, ಸುಟ್ಟರೂ ಇಲ್ಲವಾಗುವುದಿಲ್ಲ. ನೀರಿಗೆ ಸೇರಿದರೆ ಕೆಸರಿನ ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವಾಗಿ ಮಾಡುತ್ತವೆ. ಅದು ಮೀನುಗಳಲ್ಲಿ ಸೇರಿಕೊಂಡು ಹೋಗುತ್ತದೆ. ಜಪಾನಿನ ಮಿನಮಾಟದಲ್ಲಿ 1956ರಲ್ಲಿ ಬೆಳಕಿಗೆ ಬಂದ ಕಾಯಿಲೆಯ ಮೂಲ ಅದೇ. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಮೀಥೈಲ್ ಪಾದರಸ ಅಲ್ಲಿನ ಮೀನು ತಿಂದವರ ನರಗಳನ್ನೇ ಹಾಳು ಮಾಡಿತು. ಒಂದು ಬಲ್ಬಿನಿಂದ ಮಿನಮಾಟ ಆಗುವುದಿಲ್ಲ. ಆದರೆ ಲೋಕದಲ್ಲಿ ಬಲ್ಬು ಒಂದೇ ಇಲ್ಲ. ಆ ಊರಿನ ಹೆಸರಿನಲ್ಲೇ 2013ರಲ್ಲಿ ಪಾದರಸದ ಬಗ್ಗೆ ಅಂತಾರಾಷ್ಟ್ರೀಯ ಒಪ್ಪಂದವಾಯಿತು, 2017ರಲ್ಲಿ ಜಾರಿಗೆ ಬಂತು. ಮನೆಗಳಲ್ಲಿ ಬಳಸುವ ಸಿಎಫ್‌ಎಲ್‌ಗಳ ತಯಾರಿಕೆಯನ್ನು 2025ರ ಹೊತ್ತಿಗೆ ನಿಲ್ಲಿಸಬೇಕೆಂದು 2022ರಲ್ಲಿ ಅದರ ಸದಸ್ಯ ದೇಶಗಳು ಒಪ್ಪಿದವು. ಟ್ಯೂಬ್‌ಲೈಟುಗಳಿಗೆ 2027ರ ಗಡುವು. ಇದು ಒಳ್ಳೆಯ ನಿರ್ಧಾರ. ಆದರೆ ಹೊಸದು ಬರುವುದು ನಿಂತ ಮಾತ್ರಕ್ಕೆ ಮನೆಗಳಲ್ಲಿ ಈಗಾಗಲೇ ಇರುವುದು ಮಾಯವಾಗುವುದಿಲ್ಲ.

ಆ ವಾರವೇ ಅಟ್ಟದಲ್ಲಿ ಹುಡುಕಿದೆ. ಒಂದು ಡಬ್ಬದಲ್ಲಿ ಹಳೆಯ ಸಿಎಫ್‌ಎಲ್‌ಗಳು ಒಂದರ ಮೇಲೊಂದು ಬಿದ್ದಿದ್ದವು, ಉರಿಯುವುದು ಯಾವುದೋ ಸುಟ್ಟಿದ್ದು ಯಾವುದೋ ಗೊತ್ತಿಲ್ಲದ ಹಾಗೆ. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ನಿಂತಿರುವ ಹಾಗೆ ಜೋಡಿಸಿ, ಅದೇ ಜಾಗಕ್ಕೆ ಕೊಟ್ಟು ಬಂದೆವು. ಮಗಳ ಲ್ಯಾಂಪಿಗೆ ಈಗ ಎಲ್‌ಇಡಿ ಇದೆ. ಅಡುಗೆಮನೆಯಲ್ಲಿ ಒಂದು ಟ್ಯೂಬ್‌ಲೈಟು ಇನ್ನೂ ಉರಿಯುತ್ತಿದೆ. ಅದನ್ನೂ ತೆಗೆದುಬಿಡೋಣವಾ ಅಂತ ನಮ್ಮವರು ಕೇಳಿದರು. ಅದರಲ್ಲೂ ಪಾದರಸ ಇದೆ, ಆದರೆ ಎತ್ತರದಲ್ಲಿದೆ, ಯಾರ ಕೈಗೂ ಕಾಲಿಗೂ ಸಿಗುವುದಿಲ್ಲ. ಉರಿಯುವಷ್ಟು ದಿನ ಉರಿಯಲಿ ಅಂದೆ. ತೆಗೆಯುವ ದಿನ ಉದ್ದದ ರಟ್ಟಿನ ಕೊಳವೆ ಬೇಕಾಗುತ್ತದೆ, ಅದನ್ನು ಈಗಲೇ ಎತ್ತಿಟ್ಟಿದ್ದೇನೆ.