ಮಿಸ್ಟಿ ಕಥೆ ನಿಜವಾಗಿ ನಡೆದದ್ದಾ?

ಅಮೆರಿಕದಲ್ಲಿ ಬೆಳೆಯುವ ಕನ್ನಡದ ಮಕ್ಕಳು ಎಂಟೊಂಬತ್ತು ವರ್ಷಕ್ಕೆ ಬರುವಾಗ, ಶಾಲೆಯ ಲೈಬ್ರರಿಯಲ್ಲಿ ‘ಮಿಸ್ಟಿ ಆಫ್ ಶಿಂಕಟೀಗ್’ ಕೈಗೆ ಸಿಗುವುದುಂಟು. ಮಾರ್ಗರೀಟ್ ಹೆನ್ರಿ ಬರೆದು, ವೆಸ್ಲಿ ಡೆನಿಸ್ ಚಿತ್ರ ಬಿಡಿಸಿದ, ಮಿಸ್ಟಿ ಎಂಬ ಕುದುರೆಮರಿಯ ಕಥೆಯ ಪುಸ್ತಕ, 1947ರದು. ಓದಿ ಮುಗಿಸಿದ ಮಗು ಕೇಳುವ, ಅಪ್ಪ ಅಮ್ಮ ನಮಗೆ ದಾಟಿಸುವ ಪ್ರಶ್ನೆ ಒಂದೇ: ಇದೆಲ್ಲ ನಿಜವಾಗಿ ನಡೆದದ್ದಾ?

ಊರು ನಿಜ, ಮನೆಯವರು ನಿಜ, ಕುದುರೆ ನಿಜ, ಮರಿಗಳ ಹರಾಜೂ ನಿಜ. ಮಿಸ್ಟಿ ಕಾಡಿನಿಂದ ಬಂದಳು ಎನ್ನುವುದು ಮಾತ್ರ ಕಟ್ಟುಕತೆ, ಕೊನೆಯೂ ಸ್ವಲ್ಪ ಬೇರೆ. ಮಕ್ಕಳಿಗೆ ನಿಜವಾಗಿರಬೇಕು ಅನ್ನಿಸುವುದು ಕಾಡಿನಿಂದ ಬಂದದ್ದೇ ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ.

ಪುಸ್ತಕದಲ್ಲಿ ಪಾಲ್ ಮತ್ತು ಮೌರೀನ್ ಎಂಬ ಒಡಹುಟ್ಟಿದವರು ವರ್ಜೀನಿಯಾದ ಶಿಂಕಟೀಗ್ ದ್ವೀಪದಲ್ಲಿ ಅಜ್ಜ ಅಜ್ಜಿಯ ಜೊತೆ ಇರುತ್ತಾರೆ. ಎದುರಿನ ಅಸಟೀಗ್ ದ್ವೀಪದಲ್ಲಿ ಯಾರ ಕೈಗೂ ಸಿಗದೆ ಓಡಾಡುವ ಫ್ಯಾಂಟಮ್ ಎಂಬ ಹೆಣ್ಣು ಕುದುರೆಯನ್ನು ಕೊಳ್ಳಲು ಏಡಿ, ಚಿಪ್ಪು ಹಿಡಿದು ಮಾರಿ, ಮರಿಗಳನ್ನು ಪಳಗಿಸಿ ನೂರು ಡಾಲರ್ ಕೂಡಿಸುತ್ತಾರೆ. ವರ್ಷಕ್ಕೊಮ್ಮೆ ಆ ಕಾಡು ಕುದುರೆಗಳ ಹಿಂಡನ್ನು ಮಾರಲು ಅಟ್ಟಿ ತರುವ ದಿನ ಪಾಲ್ ಅದರ ಬೆನ್ನು ಹತ್ತಿದರೆ ಪಕ್ಕದಲ್ಲೊಂದು ಮರಿ. ಅದೇ ಮಿಸ್ಟಿ.

ನಿಜವಾದ ಮಿಸ್ಟಿ 1946ರ ಜುಲೈ 20ರಂದು ಹುಟ್ಟಿದ್ದು ಶಿಂಕಟೀಗ್‌ನಲ್ಲೇ, ಆ ಅಜ್ಜ ಕ್ಲಾರೆನ್ಸ್ ಬೀಬಿಯವರ ಹಟ್ಟಿಯಲ್ಲಿ. ತಾಯಿ ಫ್ಯಾಂಟಮ್, ತಂದೆ ಪೈಡ್ ಪೈಪರ್ ಇಬ್ಬರೂ ಆಗಲೇ ಬೀಬಿಯವರ ಬಳಿ ಇದ್ದವು. ಹರಾಜು ನೋಡಲು ಬಂದಿದ್ದ ಹೆನ್ರಿ ಈ ಎಳೆಮರಿಯನ್ನು ಕಂಡು 150 ಡಾಲರ್ ಕೊಟ್ಟು ಕೊಂಡರು. ತಾಯಿಯ ಹಾಲು ಬಿಡಿಸಿದ ಮೇಲೆ ಅದು ಇಲಿನಾಯ್‌ನಲ್ಲಿದ್ದ ಅವರ ಮನೆಗೆ ಹೋಯಿತು. ಪುಸ್ತಕದ ಕೊನೆಯಲ್ಲಿ ಮಿಸ್ಟಿ ಮಕ್ಕಳ ಬಳಿಯೇ ಉಳಿಯುತ್ತಾಳೆ, ನಿಜದಲ್ಲಿ ವಾಪಸ್ ಬಂದದ್ದು 1957ರಲ್ಲಿ. ಘಟನೆಗಳೆಲ್ಲ ಆ ದ್ವೀಪದಲ್ಲಿ ಯಾವಾಗಲೋ ನಡೆದವೇ, ಕ್ರಮ ಮಾತ್ರ ಬೇರೆ ಎಂದು ಲೇಖಕಿ ಮೊದಲ ಪುಟಗಳಲ್ಲೇ ಹೇಳಿದ್ದಾರೆ. ಈ ಮಾತು ಸ್ವಲ್ಪ ಉದಾರವಾಯಿತು ಎಂದೇ ನಮ್ಮ ಅಭಿಪ್ರಾಯ.

ಹಿಂಡು ಅಟ್ಟುವ ಭಾಗಕ್ಕೆ ಬಂದರೆ ಪುಸ್ತಕವನ್ನು ಧಾರಾಳವಾಗಿ ನಂಬಬಹುದು. ಅಸಟೀಗ್‌ನ ವರ್ಜೀನಿಯಾ ಭಾಗದ ಕುದುರೆಗಳ ಒಡೆತನ ಶಿಂಕಟೀಗ್‌ನ ಸ್ವಯಂಸೇವಕ ಅಗ್ನಿಶಾಮಕ ದಳದ್ದು. ಅವು ಮೇಯುವ ನೆಲ ಮಾತ್ರ ಸರ್ಕಾರದ ವನ್ಯಜೀವಿಧಾಮ. ಪರವಾನಗಿ ಇರುವುದು 150 ದೊಡ್ಡ ಕುದುರೆಗಳಿಗೆ. ಉತ್ತರ ಕನ್ನಡದ ಗಜನಿಯಂಥ ಉಪ್ಪು ಜೌಗು ಅದು. ಹುಲ್ಲಿಗೂ ಮಿತಿಯಿದೆ, ಹಕ್ಕಿಗಳಿಗೂ ಜಾಗ ಬೇಕು. ಪ್ರತಿ ವರ್ಷ ಹತ್ತಾರು ಮರಿ ಹುಟ್ಟುವಾಗ ಮಾರದೆ ಬೇರೆ ದಾರಿಯಿಲ್ಲ. ಹೀಗಾಗಿ ಜುಲೈ ಕೊನೆಯ ಬುಧವಾರ ಹಿಂಡಿಗೆ ಅಸಟೀಗ್‌ನಿಂದ ಶಿಂಕಟೀಗ್‌ಗೆ ಈಜು, ಗುರುವಾರ ಹರಾಜು, ಶುಕ್ರವಾರ ಉಳಿದವು ಈಜಿ ವಾಪಸ್. ಹಣ ಅಗ್ನಿಶಾಮಕ ಸಲಕರಣೆಗೆ, ಕುದುರೆಗಳ ಆರೈಕೆಗೆ. ಮಕ್ಕಳು ಕೂಡಿಸಿದ ನೂರು ಡಾಲರ್ ಈಗ ಯಾವ ಮೂಲೆಗೂ ಸಾಲದು. ಮರಿಯೊಂದಕ್ಕೆ ಸಾವಿರಾರು ಡಾಲರ್ ಕೂಗುತ್ತಾರೆ. ಕೆಲವು ಮರಿಗಳನ್ನು ‘ಬೈಬ್ಯಾಕ್’ ಎಂದು ಹರಾಜು ಹಾಕುತ್ತಾರೆ. ಕೊಂಡವರಿಗೆ ಹೆಸರಿಡುವ ಹಕ್ಕು ಸಿಗುತ್ತದೆ, ಮರಿ ಮತ್ತೆ ದ್ವೀಪಕ್ಕೇ ಹೋಗುತ್ತದೆ. ಹರಾಜೆಂದರೆ ಅಳುವ ಮಗುವಿಗೆ ಇದನ್ನು ಮೊದಲು ಹೇಳಿ.

ಈಜಿಗೆ ಇಂಥ ಗಂಟೆ ಅಂತಿಲ್ಲ. ಉಬ್ಬರ ಇಳಿತಗಳ ನಡುವೆ ನೀರಿನ ಸೆಳೆತ ನಿಲ್ಲುವ ಹೊತ್ತಿಗೇ ಇಳಿಸಬೇಕು, ಇಲ್ಲದಿದ್ದರೆ ಮರಿಗಳು ಪಕ್ಕಕ್ಕೆ ಕೊಚ್ಚಿಹೋಗುತ್ತವೆ. ಪುಸ್ತಕದಲ್ಲಿ ಸುಳಿಗೆ ಸಿಕ್ಕ ಮಿಸ್ಟಿಗಾಗಿ ಪಾಲ್ ನೀರಿಗೆ ಹಾರುತ್ತಾನಲ್ಲ, ಆ ಭಯಕ್ಕೆ ಕಾರಣ ಇದೇ. ಈಗ ಪಶುವೈದ್ಯರು ಮೊದಲೇ ನೋಡಿ, ತೀರಾ ಎಳೆಯವು, ದಿನ ತುಂಬಿದವು, ನಿತ್ರಾಣವಾದವುಗಳನ್ನು ಗಾಡಿಯಲ್ಲಿ ಸಾಗಿಸುತ್ತಾರೆ. ಈಜು ಕೆಲವೇ ನಿಮಿಷದ್ದು. ಅದಕ್ಕಾಗಿ ಜನ ನಸುಕಿನಿಂದ ಗಂಟೆಗಟ್ಟಲೆ ಕೆಸರಲ್ಲಿ ನಿಂತಿರುತ್ತಾರೆ. ಸಣ್ಣ ಮಕ್ಕಳಿದ್ದರೆ ಈಜು ಬಿಟ್ಟು, ಆಮೇಲೆ ಮುಖ್ಯ ಬೀದಿಯಲ್ಲಿ ಹಿಂಡನ್ನು ನಡೆಸಿಕೊಂಡು ಹೋಗುವುದನ್ನು ನೋಡುವುದೇ ವಾಸಿ.

ಪುಸ್ತಕದ ಮೊದಲಲ್ಲಿ ಬರುವ ಸ್ಪೇನಿನ ಹಡಗು? ಅದು ಒಡೆದು, ಕುದುರೆಗಳು ಈಜಿ ದಡ ಸೇರಿದವು ಎಂಬ ಕಥೆಯನ್ನು ಇತಿಹಾಸಕಾರರು ಬಹುಕಾಲ ತಳ್ಳಿಹಾಕಿದ್ದರು. ವಲಸೆ ಬಂದ ರೈತರು ತೆರಿಗೆ, ಬೇಲಿ ಕಾನೂನು ತಪ್ಪಿಸಿಕೊಳ್ಳಲು ದ್ವೀಪಕ್ಕೆ ಬಿಟ್ಟ ಜಾನುವಾರು ಇವು ಎಂಬುದು ಅವರ ವಾದ. 2022ರಲ್ಲಿ ವಿಷಯ ಸ್ವಲ್ಪ ತಿರುಗಿತು. ಹೈಟಿಯಲ್ಲಿದ್ದ ಪೋರ್ಟೊ ರಿಯಲ್ ಎಂಬ 16ನೇ ಶತಮಾನದ ಸ್ಪ್ಯಾನಿಷ್ ಊರಿನ ಹಲ್ಲೊಂದು ಫ್ಲೋರಿಡಾದ ಮ್ಯೂಸಿಯಂನಲ್ಲಿ ದನದ ಹಲ್ಲೆಂದು ಬಿದ್ದಿತ್ತು. ದನಗಳ ಡಿಎನ್ಎ ಹುಡುಕುತ್ತಿದ್ದ ಸಂಶೋಧಕ ನಿಕೊಲಾ ಡೆಲ್ಸೊಲ್ ಅದನ್ನು ಪರೀಕ್ಷಿಸಿದರೆ ಕುದುರೆಯದು. ಈಗ ಬದುಕಿರುವ ತಳಿಗಳಲ್ಲಿ ಅದಕ್ಕೆ ಹತ್ತಿರದ್ದು ಶಿಂಕಟೀಗ್ ಪೋನಿ, ಅಂದರೆ ಇದೇ ದ್ವೀಪದ ಗಿಡ್ಡ ಕುದುರೆ! ಸ್ಪೇನಿನ ಮೂಲಕ್ಕೆ ಇದು ಒಳ್ಳೆಯ ಪುಷ್ಟಿ. ಹಡಗು ಒಡೆದದ್ದಕ್ಕೆ ಸಾಕ್ಷಿಯಲ್ಲ, ಎರಡನ್ನೂ ಬೆರೆಸಬೇಡಿ.

ಮುಂದೇನು ಓದಿಸಬೇಕು? ಹೆನ್ರಿಯವರದೇ 1949ರ ‘ಸೀ ಸ್ಟಾರ್’ ಮಿಸ್ಟಿಯನ್ನು ಮಾರುವ ಸಂಕಟದಿಂದ ಶುರುವಾಗುತ್ತದೆ, ಮೆದು ಮನಸ್ಸಿನ ಮಕ್ಕಳು ಅಲ್ಲೇ ಪುಸ್ತಕ ಮುಚ್ಚಿಬಿಡುತ್ತಾರೆ. ನೇರವಾಗಿ 1963ರ ‘ಸ್ಟಾರ್ಮಿ’ಗೆ ಹೋಗಿ. 1962ರ ಮಾರ್ಚ್‌ನಲ್ಲಿ ಬಿರುಗಾಳಿಗೆ ಸಮುದ್ರ ಊರೊಳಗೆ ನುಗ್ಗಿದಾಗ ಬಸುರಿ ಮಿಸ್ಟಿಯನ್ನು ಬೀಬಿಯವರ ಅಡುಗೆಮನೆಯಲ್ಲಿ ಕಟ್ಟಿದ್ದು ನಡೆದ ಸಂಗತಿ. ಮಾರ್ಚ್ 11ರಂದು ಹುಟ್ಟಿದ ಮರಿಗೆ ಸ್ಟಾರ್ಮಿ ಎಂದೇ ಹೆಸರಿಟ್ಟರು. ಬಿರುಗಾಳಿಗೆ ಹಿಂಡಿನ ಬಹಳ ಕುದುರೆಗಳು ಸತ್ತಿದ್ದವು. ಮತ್ತೆ ಕೊಳ್ಳಲು ಹಣ ಕೂಡಿಸಲೆಂದು ತಾಯಿ ಮರಿಯನ್ನು ಸಿನಿಮಾ ಥಿಯೇಟರುಗಳಿಗೆ ಕರೆದೊಯ್ದು ತೋರಿಸಿದ್ದೂ ನಿಜ. ಸತ್ಯ ಹೆಚ್ಚಿರುವ ಪುಸ್ತಕ ಬೇಕೆಂದರೆ ಇದೇ.

ಓದಿದ ಮೇಲೆ ನೋಡಲು ಹೊರಡುವವರಿಗೆ ಒಂದೆರಡು ಮಾತು. ಹರಾಜಿನ ಗದ್ದಲ ಬೇಡವೆಂದರೆ ಅಸಟೀಗ್‌ನ ಮೇರಿಲ್ಯಾಂಡ್ ಭಾಗಕ್ಕೆ ಹೋಗಿ. ರಾಜ್ಯದ ಗಡಿಗೆ ಬೇಲಿಯಿದೆ, ಆಚೆಯದು ಬೇರೆ ಹಿಂಡು, ನೋಡಿಕೊಳ್ಳುವುದು ರಾಷ್ಟ್ರೀಯ ಉದ್ಯಾನ ಇಲಾಖೆ. ಅಲ್ಲಿ ಮಾರುವುದಿಲ್ಲ, ಹೆಣ್ಣು ಕುದುರೆಗಳಿಗೆ ಗರ್ಭನಿರೋಧಕ ಚುಚ್ಚುಮದ್ದನ್ನು ದೂರದಿಂದ ಹೊಡೆದು, ಸಂಖ್ಯೆ ಹೆಚ್ಚಿದಾಗ ಹಿಡಿತದಲ್ಲಿಡುತ್ತ ಬಂದಿದ್ದಾರೆ. ಕುದುರೆಯಿಂದ 40 ಅಡಿ ದೂರ ಇರಬೇಕು, ತಿನ್ನಿಸುವಂತಿಲ್ಲ. ಕಚ್ಚುತ್ತವೆ, ಒದೆಯುತ್ತವೆ, ತಿಂಡಿಯ ರುಚಿ ಹತ್ತಿದವು ರಸ್ತೆಗೆ ಬಂದು ಕಾರಿಗೆ ಸಿಕ್ಕಿ ಸಾಯುತ್ತವೆ. ಹೊಟ್ಟೆ ಉಬ್ಬಿದವೆಲ್ಲ ಬಸುರಿಯಲ್ಲ. ಉಪ್ಪುಹುಲ್ಲು ತಿಂದು ವಿಪರೀತ ನೀರು ಕುಡಿಯುವುದರಿಂದ ಗಂಡು ಕುದುರೆಗಳೂ ಹಾಗೇ ಕಾಣುತ್ತವೆ.

ಶಿಂಕಟೀಗ್‌ನ ಮ್ಯೂಸಿಯಂನಲ್ಲಿ ಮಿಸ್ಟಿ, ಸ್ಟಾರ್ಮಿ ಇಬ್ಬರನ್ನೂ ನೋಡಬಹುದು. ಆದರೆ ಪ್ರತಿಮೆಗಳಲ್ಲ, ಸತ್ತ ಮೇಲೆ ಚರ್ಮ ಹದಮಾಡಿ ಒಳಗೆ ತುಂಬಿ ನಿಲ್ಲಿಸಿದವು. ಮಗುವಿಗೆ ಬಾಗಿಲಲ್ಲೇ ಹೇಳಿಬಿಡಿ, ಒಳಗೆ ಹೋದ ಮೇಲೆ ಗೊತ್ತಾದರೆ ರಾದ್ಧಾಂತವಾಗುತ್ತದೆ.