ಮರಿಯಾಳ ಹದಿನಾಲ್ಕು ಸ್ಥಳಗಳು

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಒಂದು ಶುಕ್ರವಾರ, ಯೇಸು ಶಿಲುಬೆ ಹೊತ್ತು ನಡೆದು ಸಮಾಧಿ ಸೇರುವವರೆಗಿನ ಹದಿನಾಲ್ಕು ಘಟ್ಟಗಳನ್ನು ಧ್ಯಾನಿಸುವ ಶಿಲುಬೆಹಾದಿಯ ಪ್ರಾರ್ಥನೆಯನ್ನು ಚರ್ಚಿನಲ್ಲಿ ಮುಗಿಸಿ ಬಂದ ಅಮ್ಮನ ಜೊತೆ ಕುಳಿತು ‘ಕ್ರಾಯ್ಟ್ಸ್‌ವೇಗ್’ (ಶಿಲುಬೆಹಾದಿ) ಎಂಬ ಜರ್ಮನ್ ಚಿತ್ರವನ್ನು ನೋಡಿದೆ. ನಿರ್ದೇಶಕ ಡೀಟ್ರಿಷ್ ಬ್ರೂಗೆಮನ್ ತಂಗಿ ಅನ್ನಾಳೊಂದಿಗೆ ಬರೆದ ಈ ಚಿತ್ರಕಥೆಗೆ 2014ರ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿ ಪ್ರಶಸ್ತಿ ಬಂದಿತ್ತು. ಶಿಲುಬೆಹಾದಿಯ ಆ ಹದಿನಾಲ್ಕು ಘಟ್ಟಗಳ, ಅಂದರೆ ಸ್ಥಳಗಳ, ಹೆಸರನ್ನೇ ಹದಿನಾಲ್ಕು ದೃಶ್ಯಗಳಿಗೆ ಇಟ್ಟು, ಒಂದೊಂದನ್ನೂ ಕತ್ತರಿ ಹಾಕದೆ ಒಂದೇ ಶಾಟ್‌ನಲ್ಲಿ ತೆಗೆದಿದ್ದಾರೆ. ಬೆರಳೆಣಿಕೆಯ ಸಂದರ್ಭಗಳನ್ನು ಬಿಟ್ಟರೆ ಕ್ಯಾಮೆರಾ ಕದಲುವುದೇ ಇಲ್ಲ.

ಮೊದಲ ದೃಶ್ಯವೇ ನನ್ನನ್ನು ಹಿಡಿದು ಕೂರಿಸಿತು. ಉದ್ದನೆಯ ಮೇಜಿನ ನಡುವೆ ಯುವ ಪಾದ್ರಿ ಫಾದರ್ ವೇಬರ್, ಎರಡೂ ಬದಿಗೆ, ದೀಕ್ಷಾಸ್ನಾನ ಪಡೆದವರ ನಂಬಿಕೆಯನ್ನು ಗಟ್ಟಿಗೊಳಿಸುವ ದೃಢೀಕರಣ ಸಂಸ್ಕಾರಕ್ಕೆ ಸಿದ್ಧರಾಗುತ್ತಿರುವ ಮಕ್ಕಳು. ನಮ್ಮ ಮನೆಗಳ ಊಟದ ಕೋಣೆಯಲ್ಲಿ ತೂಗುಹಾಕುವ, ಯೇಸು ಶಿಷ್ಯರೊಂದಿಗೆ ಕುಳಿತ ಕಡೆಯ ಭೋಜನದ ಪಟದ ಹಾಗೆಯೇ ಅವರನ್ನು ಕೂರಿಸಲಾಗಿದೆ. ಇನ್ನು ಮುಂದೆ ನೀವು ಕ್ರಿಸ್ತನ ಸೈನಿಕರು, ಸಣ್ಣಪುಟ್ಟ ಸುಖಗಳನ್ನು ಬಿಟ್ಟುಕೊಡುವುದೂ ದೇವರಿಗೆ ಸಲ್ಲುವ ಬಲಿಯೇ ಎಂದು ಆತ ಹೇಳಿಕೊಡುತ್ತಾನೆ. ಆತನ ದನಿ ಎಲ್ಲಿಯೂ ಏರುವುದಿಲ್ಲ, ಮಕ್ಕಳನ್ನು ಹೆದರಿಸುವುದಿಲ್ಲ, ಅವರು ಕೇಳಿದ್ದಕ್ಕೆಲ್ಲ ಸಮಾಧಾನದಿಂದ ಉತ್ತರಿಸುತ್ತಾನೆ. ಆತ ಗದರುವ ಪಾದ್ರಿಯಾಗಿದ್ದರೆ ಮಕ್ಕಳು ಮನಸ್ಸಿನಲ್ಲಾದರೂ ಎದುರು ನಿಲ್ಲುತ್ತಿದ್ದರೇನೋ. ಹದಿನಾಲ್ಕರ ಮರಿಯಾ ಮಾತ್ರ ಆ ಪಾಠವನ್ನು ಅಕ್ಷರಶಃ ಹಿಡಿಯುತ್ತಾಳೆ. ಅವಳಿಗೆ ನಾಲ್ಕು ವರ್ಷದ ತಮ್ಮನಿದ್ದಾನೆ, ಅವನಿಗೆ ಇನ್ನೂ ಮಾತು ಬಂದಿಲ್ಲ. ಅವನು ಗುಣವಾಗಲೆಂದು ತನ್ನ ಜೀವವನ್ನೇ ದೇವರಿಗೆ ಒಪ್ಪಿಸಲು ಅವಳು ನಿರ್ಧರಿಸುತ್ತಾಳೆ.

ಈ ಲೆಕ್ಕ ನನಗೆ ಅಪರಿಚಿತವಲ್ಲ. ತಪಸ್ಸುಕಾಲದಲ್ಲಿ ಮಿಠಾಯಿಯ ಕಾಸನ್ನು ಕಾಗದದ ಡಬ್ಬಿಗೆ ಹಾಕುತ್ತಿದ್ದ ನಮಗೆ ಡಬ್ಬಿ ತೂಕವಾದಷ್ಟೂ ಹೆಮ್ಮೆ; ಈಸ್ಟರ್ ಬಂದರೆ ಲೆಕ್ಕ ಚುಕ್ತಾ. ಮರಿಯಾಳಿಗೆ ಈಸ್ಟರ್ ಬರುವುದೇ ಇಲ್ಲ. ಚಳಿಯಲ್ಲಿ ಜಾಕೆಟ್ ಬಿಡುತ್ತಾಳೆ, ಊಟ ಬಿಡುತ್ತಾಳೆ, ತನ್ನನ್ನು ಇಷ್ಟಪಟ್ಟು ಮಾತಾಡಿಸಿದ ಕ್ರಿಸ್ಟಿಯಾನ್ ಎಂಬ ಹುಡುಗನ ಸ್ನೇಹವನ್ನೂ ಬಿಡುತ್ತಾಳೆ. ಸಾಕು ಮಗಳೇ ಎಂದು ತಡೆಯಬೇಕಾದ ತಾಯಿಯೇ, ಅವನ ಚರ್ಚಿನ ಗಾಯನವೃಂದದಲ್ಲಿ ಗಾಸ್ಪೆಲ್ ಮತ್ತು ಸೋಲ್ ಎಂಬ ಅಮೆರಿಕನ್ ಶೈಲಿಯ ಹಾಡುಗಳನ್ನು ಹಾಡುತ್ತಾರೆಂಬ ಒಂದೇ ಕಾರಣಕ್ಕೆ ಅವಳ ಮೇಲೆ ಹರಿಹಾಯುತ್ತಾಳೆ.

ಮರಿಯಾಳ ಕುಟುಂಬ ಸೇರಿರುವ, ಚಿತ್ರದಲ್ಲಿ ಸಂತ ಪೌಲರ ಸಂಘ ಎಂದು ಕರೆಯುವ ಕಟ್ಟಾ ಸಂಪ್ರದಾಯವಾದಿ ಕ್ಯಾಥೊಲಿಕ್ ಪಂಗಡ ಕಲ್ಪಿತ. ಆದರೆ ಅದರ ಹಿಂದೆ ಇರುವುದು 1970ರಲ್ಲಿ ಆರ್ಚ್‌ಬಿಷಪ್ ಮಾರ್ಸೆಲ್ ಲೆಫೆವ್ರ್ ಕಟ್ಟಿದ ಸಂತ ಹತ್ತನೇ ಪಿಯುಸರ ಸಂಘ. 1962ರಿಂದ 1965ರವರೆಗೆ ನಡೆದ, ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆಯ ಸುಧಾರಣೆಗಳನ್ನು ಒಪ್ಪದೆ ಲ್ಯಾಟಿನ್ ಪೂಜೆಗೆ ಅಂಟಿಕೊಂಡವರು ಅವರು. ಅದೇ ಮಹಾಸಭೆಯ ದೆಸೆಯಿಂದ ನಮ್ಮ ಬಲಿಪೂಜೆ ಕನ್ನಡಕ್ಕೆ ಬಂತು, ಹಾರ್ಮೋನಿಯಂ ತಬಲಾ ಗುಡಿಯೊಳಗೆ ಬಂದವು. ಮರಿಯಾಳ ತಾಯಿ ನಮ್ಮ ಭಾನುವಾರದ ಪೂಜೆಗೆ ಬಂದಿದ್ದರೆ ಬಾಗಿಲಲ್ಲೇ ಶಿಲುಬೆ ಗುರುತು ಹಾಕಿಕೊಂಡು ಹಿಂದಿರುಗುತ್ತಿದ್ದಳು ಎಂದು ಅಮ್ಮ ನಕ್ಕಳು.

ಆ ತಾಯಿಯ ಪಾತ್ರ ಒಂದೇ ಬಣ್ಣದ್ದಾಯಿತು ಎಂಬುದು ನನ್ನ ದೂರು. ಮಗಳ ಶವಪೆಟ್ಟಿಗೆ ಆರಿಸುವಾಗ, ಇವಳು ಸಂತಳಾಗಬೇಕಾದವಳು ಎಂದು ಹೇಳುತ್ತಲೇ ಅವಳು ಕುಸಿದು ಅಳುವ ದೃಶ್ಯದವರೆಗೂ ಅವಳೊಳಗೆ ಮನುಷ್ಯಳೊಬ್ಬಳಿದ್ದಾಳೆಂದು ಬ್ರೂಗೆಮನ್ ತೋರಿಸುವುದಿಲ್ಲ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿರುವ ಬೆರ್ನಾಡೆಟ್ ಎಂಬ ಫ್ರೆಂಚ್ ಹುಡುಗಿಯಾದರೋ ಅಷ್ಟೇ ಭಕ್ತೆ, ಆದರೂ ಮರಿಯಾಳಿಗೆ ಪ್ರೀತಿ ಸಿಗುವುದು ಅವಳ ಬಳಿಯಲ್ಲೇ. ಭಕ್ತಿಯನ್ನು ಹೀಗೂ ಬರೆಯಬಲ್ಲವರಿಗೆ ತಾಯಿಯ ವಿಷಯದಲ್ಲಿ ಕೈ ಯಾಕೆ ಬಿಗಿಯಿತೋ.

ಅಮ್ಮನಿಗೂ ನನಗೂ ಜಗಳ ಬಂದದ್ದು ಆಸ್ಪತ್ರೆಯ ದೃಶ್ಯದಲ್ಲಿ. ಕ್ರಿಸ್ತನ ದೇಹವೆಂದು ಸ್ವೀಕರಿಸುವ ರೊಟ್ಟಿ, ಪರಮಪ್ರಸಾದ, ಗಂಟಲಲ್ಲಿ ಸಿಕ್ಕಿ ಮರಿಯಾ ಸಾಯುತ್ತಾಳೆ. ಅದೇ ಹೊತ್ತಿಗೆ ತಮ್ಮ ಮಾತಾಡುತ್ತಾನೆ. ನಾಲ್ಕು ವರ್ಷದ ಮಗುವಿಗೆ ಯಾವತ್ತಾದರೂ ಮಾತು ಬರಬಹುದಿತ್ತು, ಅದಕ್ಕಾಗಿ ಒಂದು ಹುಡುಗಿ ಸಾಯಬೇಕಿರಲಿಲ್ಲ ಎಂದೆ ನಾನು. “ಹಾಗಾದರೆ ಆ ಗಳಿಗೆಯಲ್ಲೇ ಯಾಕೆ ಬಂತು, ಹೇಳು ನೋಡೋಣ” ಎಂದಳು ಅಮ್ಮ. ನಿರ್ದೇಶಕ ಇಬ್ಬರಿಗೂ ಸಾಕ್ಷಿ ಒದಗಿಸಿ ತಾನು ಪಕ್ಕಕ್ಕೆ ಸರಿದಿದ್ದಾನೆ ಎಂದು ನಾನಂದರೆ, ಅದು ಉತ್ತರವಲ್ಲ ಎಂದು ಅವಳು ಈಗಲೂ ವಾದಿಸುತ್ತಾಳೆ.